ಮಗುವಿನ ಜೀನ್ ರಿಪೋರ್ಟಿನಲ್ಲಿ ಐಎಫ್‌ಟಿ140 ಅಂತ ಬಂದಿದ್ದರೆ

ಹೋದ ವರ್ಷ ಆಷಾಢದ ಒಂದು ಸಂಜೆ ನನ್ನ ತಂಗಿ ವಾಟ್ಸಾಪಿನಲ್ಲಿ ಹದಿನಾಲ್ಕು ಪುಟದ ಪಿಡಿಎಫ್ ಕಳಿಸಿ, "ಅಕ್ಕಾ, ಇದರಲ್ಲಿ ಏನು ಬರೆದಿದೆ ನೋಡೇ" ಅಂದಳು. ಅವಳ ಏಳು ವರ್ಷದ ಮಗ ಪುಟ್ಟನ ಎಕ್ಸೋಮ್ ಪರೀಕ್ಷೆಯ, ಅಂದರೆ ಜೀನುಗಳಲ್ಲಿ ಪ್ರೋಟೀನ್ ಕಟ್ಟುವ ಭಾಗಗಳನ್ನು ಓದುವ ಪರೀಕ್ಷೆಯ ರಿಪೋರ್ಟು. ದೋಷ ಸಿಕ್ಕಿದ್ದು ಐಎಫ್‌ಟಿ140 ಅನ್ನುವ ಜೀನಿನಲ್ಲಿ. ಅದು ಕೆಟ್ಟರೆ ಕಣ್ಣು, ಕಿಡ್ನಿ, ಮೂಳೆಗಳಿಗೆ ತೊಂದರೆ ಬರಬಹುದು. ನಾನು ಪಿಯು ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಜೀವಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಆದರೂ ಮೊದಲ ಓದಿಗೆ ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಒಂದು ವರ್ಷ ಡಾಕ್ಟರ್‌ಗಳ ಹಿಂದೆ, ಜೆನೆಟಿಕ್ ಕೌನ್ಸೆಲರ್ ಹಿಂದೆ ಓಡಾಡಿ, ಕೂತು ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಂಥ ಕಾಗದ ಕೈಯಲ್ಲಿ ಹಿಡಿದು ಕೂತಿರುವ ಅಪ್ಪ ಅಮ್ಮಂದಿರಿಗಾಗಿ ಇದು. ಔಷಧಿ ತೀರ್ಮಾನ ಡಾಕ್ಟರದ್ದೇ. ಅವರ ಮುಂದೆ ಏನು ಕೇಳಬೇಕು, ಏನು ತೋರಿಸಬೇಕು ಅನ್ನುವುದು ನಮ್ಮ ಕೈಲಿರುವ ಕೆಲಸ.

ಮೊದಲು ಹದಿನಾಲ್ಕು ಪುಟವನ್ನೂ ಓದಲು ಹೋಗಬೇಡಿ. ಮೊದಲ ಅಥವಾ ಎರಡನೇ ಪುಟದಲ್ಲಿ ಒಂದು ಸಣ್ಣ ಪಟ್ಟಿ ಇರುತ್ತದೆ. ಜೀನ್ ಹೆಸರು, ಬದಲಾವಣೆ, ಝೈಗಾಸಿಟಿ (ಅಪ್ಪನಿಂದ ಒಂದು, ಅಮ್ಮನಿಂದ ಒಂದು ಅಂತ ಬಂದಿರುವ ಜೀನಿನ ಎರಡು ಪ್ರತಿಗಳಲ್ಲಿ ಎಷ್ಟರಲ್ಲಿ ಬದಲಾವಣೆ ಇದೆ ಅನ್ನುವುದು), ಕಾಯಿಲೆ, ವರ್ಗ. ಈ ಐದು ಖಾನೆ ಅರ್ಥವಾದರೆ ಸಾಕು, ಉಳಿದದ್ದು ಹೆಚ್ಚಾಗಿ ಪರೀಕ್ಷೆ ಮಾಡಿದ ವಿಧಾನದ ವಿವರ.

ನಮ್ಮ ಪುಟ್ಟನ ಪಟ್ಟಿಯಲ್ಲಿದ್ದ ಬದಲಾವಣೆ ಇದು: ಸಿ.1990 ಜಿ>ಎ, ಅದರ ಪಕ್ಕದಲ್ಲೇ ಪಿ.ಗ್ಲು664ಲಿಸ್. ಇದನ್ನು ಒಡೆದು ನೋಡೋಣ. "ಸಿ" ಅಂದರೆ ಪ್ರೋಟೀನ್ ಕಟ್ಟುವ ಸೂಚನೆಯ ಅಕ್ಷರಗಳ ಸಾಲು. ಆ ಸಾಲಿನ 1990ನೇ ಅಕ್ಷರ ಜಿ ಇರಬೇಕಿತ್ತು, ಎ ಆಗಿದೆ. ಮೂರು ಮೂರು ಅಕ್ಷರಕ್ಕೆ ಒಂದು ಅಮೈನೋ ಆಮ್ಲ ಅನ್ನುವುದನ್ನು ಹತ್ತನೇ ತರಗತಿ ದಾಟಿದವರು ಎಲ್ಲೋ ಓದಿರುತ್ತೀರಿ. 1990ನ್ನು 3ರಿಂದ ಭಾಗಿಸಿ: 663 ಬಂದು ಒಂದು ಉಳಿಯುತ್ತದೆ. ಅಂದರೆ 664ನೇ ಅಮೈನೋ ಆಮ್ಲದ ಮೊದಲನೇ ಅಕ್ಷರ. ಅದಕ್ಕೇ "ಪಿ" ಕಡೆ 664 ಅಂತ ಇರುವುದು. ಅಲ್ಲಿ ಗ್ಲುಟಾಮಿಕ್ ಆಮ್ಲ ಇರಬೇಕಿತ್ತು, ಲೈಸಿನ್ ಕೂತಿದೆ. ಒಂದು ಋಣ ವಿದ್ಯುದಂಶದ್ದು, ಇನ್ನೊಂದು ಧನ ವಿದ್ಯುದಂಶದ್ದು. 1462 ಅಮೈನೋ ಆಮ್ಲಗಳ ಆ ಉದ್ದನೆಯ ಪ್ರೋಟೀನಿನಲ್ಲಿ ಒಂದೇ ಒಂದು ಅದಲುಬದಲು. ಈ ಭಾಗಾಕಾರವನ್ನು ನಾನು ತಂಗಿಯ ಅಡುಗೆಮನೆಯಲ್ಲಿ ಹಾಲಿನ ಲೆಕ್ಕದ ಕ್ಯಾಲೆಂಡರಿನ ಹಿಂಬದಿ ಮಾಡಿ ತೋರಿಸಿದೆ. "ಇಷ್ಟೇನಾ?" ಅಂದು ಅವಳು ಆ ಸಂಖ್ಯೆಯನ್ನೇ ಬಹಳ ಹೊತ್ತು ನೋಡುತ್ತಾ ಕೂತಳು.

ನಿಮ್ಮದರಲ್ಲಿ ನಕ್ಷತ್ರ ಚಿಹ್ನೆಯೋ "ಟರ್" ಅಂತಲೋ ಇದ್ದರೆ ಪ್ರೋಟೀನ್ ಅಲ್ಲಿಗೇ ನಿಂತುಹೋಗುತ್ತದೆ ಅಂತ ಅರ್ಥ. "ಎಫ್‌ಎಸ್" ಇದ್ದರೆ ಅಲ್ಲಿಂದ ಮುಂದೆ ಮೂರು ಮೂರಾಗಿ ಓದುವ ಕ್ರಮವೇ ಕೆಟ್ಟಿದೆ. ಇವೆರಡೂ ಸಾಮಾನ್ಯವಾಗಿ ಆ ಪ್ರತಿಯನ್ನು ಪೂರ್ತಿ ನಿಷ್ಕ್ರಿಯ ಮಾಡುವಂಥವು. ಇದನ್ನು ನೆನಪಿಡಿ, ಅಪ್ಪ ಅಮ್ಮನ ಪರೀಕ್ಷೆಯ ವಿಷಯ ಬಂದಾಗ ಮತ್ತೆ ಬೇಕಾಗುತ್ತದೆ.

ವರ್ಗದ ಖಾನೆಯಲ್ಲಿ ಬರುವ ಮಾತುಗಳು ಐದೇ. 2015ರಿಂದ ಬಹುತೇಕ ಲ್ಯಾಬುಗಳು ಇದೇ ಅಳತೆ ಬಳಸುತ್ತಿವೆ: ಪ್ಯಾಥೋಜೆನಿಕ್ (ಕಾಯಿಲೆ ತರುವಂಥದ್ದು), ಲೈಕ್ಲಿ ಪ್ಯಾಥೋಜೆನಿಕ್ (ಬಹುಶಃ ತರುವಂಥದ್ದು), ವಿಯುಎಸ್, ಲೈಕ್ಲಿ ಬಿನೈನ್ (ಬಹುಶಃ ತೊಂದರೆ ಇಲ್ಲದ್ದು), ಬಿನೈನ್ (ತೊಂದರೆ ಇಲ್ಲದ್ದು). ಮೊದಲಿನ ಎರಡು ಬಂದರೆ ಕಾಯಿಲೆಯ ಕಾರಣ ಸಿಕ್ಕಿದೆ ಅಂತ ಹಿಡಿದು ಮುಂದುವರಿಯುತ್ತಾರೆ. ವಿಯುಎಸ್ ಅಂದರೆ ಬದಲಾವಣೆ ಇದೆ, ಅದು ತೊಂದರೆ ಕೊಡುವಂಥದ್ದೋ ಅಲ್ಲವೋ ಇನ್ನೂ ನಿರ್ಧಾರ ಆಗಿಲ್ಲ. ದಯವಿಟ್ಟು ವಿಯುಎಸ್ ನೆಚ್ಚಿಕೊಂಡು ಯಾವ ದೊಡ್ಡ ತೀರ್ಮಾನವನ್ನೂ ತೆಗೆದುಕೊಳ್ಳಬೇಡಿ, ಮುಖ್ಯವಾಗಿ ಬಸಿರಿನ ವಿಷಯದಲ್ಲಿ.

ಝೈಗಾಸಿಟಿ ಖಾನೆಯಲ್ಲಿ ನಮಗೆ ಹೋಮೋಝೈಗಸ್ ಅಂತಿತ್ತು: ಎರಡು ಪ್ರತಿಯಲ್ಲೂ ಅದೇ ಬದಲಾವಣೆ. ಬೇರೆ ಬೇರೆ ಎರಡು ಬದಲಾವಣೆ ಬಂದಿದ್ದರೆ ಅವು ಒಂದೇ ಪ್ರತಿಯ ಮೇಲಿವೆಯೋ ಒಂದೊಂದು ಪ್ರತಿಯ ಮೇಲೋ ಅನ್ನುವುದನ್ನು ಅಪ್ಪ ಅಮ್ಮನ ರಕ್ತ ಪರೀಕ್ಷಿಸಿಯೇ ಹೇಳಬೇಕು. ಮೂರನೆಯ ಸಂದರ್ಭವೂ ಒಂದಿದೆ. ಮಗುವಿಗೆ ಲಕ್ಷಣಗಳೆಲ್ಲ ಇವೆ, ರಿಪೋರ್ಟಿನಲ್ಲಿ ಮಾತ್ರ ಒಂದೇ ಬದಲಾವಣೆ ಸಿಕ್ಕಿದೆ. ಆಗ "ಏನೂ ಇಲ್ಲ" ಅಂದುಕೊಂಡು ಫೈಲ್ ಮುಚ್ಚಬೇಡಿ. ಜೀನಿನಲ್ಲಿ ಪ್ರೋಟೀನ್ ಸೂಚನೆ ಇರುವ ಒಂದೊಂದು ಭಾಗಕ್ಕೂ ಎಕ್ಸಾನ್ ಅನ್ನುತ್ತಾರೆ. ಈ ಜೀನಿನಲ್ಲಿ 27ರಿಂದ 30ನೇ ಎಕ್ಸಾನ್‌ವರೆಗಿನ ತುಂಡು ಎರಡು ಸಲ ಜೋಡಿಸಿಕೊಂಡಿರುವ ಒಂದು ದೋಷ ಮತ್ತೆ ಮತ್ತೆ ಕಂಡುಬಂದಿದೆ. ಅಕ್ಷರಗಳನ್ನಷ್ಟೇ ಹುಡುಕುವ ಮಾಮೂಲಿ ವಿಶ್ಲೇಷಣೆಯ ಕಣ್ಣಿಗೆ ಅದು ತಪ್ಪಿಹೋಗುತ್ತದೆ. "ಐಎಫ್‌ಟಿ140ರ ಡೂಪ್ಲಿಕೇಶನ್ ನೋಡಿದ್ದೀರಾ?" ಅಂತ ಬಾಯಿಬಿಟ್ಟು ಕೇಳಿ. ಜೊತೆಗೆ ಲ್ಯಾಬಿನಿಂದ ಕಚ್ಚಾ ಡೇಟಾ ಫೈಲುಗಳನ್ನು ಒಂದು ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಿ. ಎರಡು ವರ್ಷ ಬಿಟ್ಟು ಅದೇ ಡೇಟಾವನ್ನು ಮತ್ತೆ ವಿಶ್ಲೇಷಿಸಬಹುದು, ಹೊಸದಾಗಿ ರಕ್ತ ಕೊಡುವ ಅಗತ್ಯ ಬರದಿರಬಹುದು.

ಇನ್ನು ಈ ಜೀನ್ ಮಾಡುವ ಕೆಲಸ. ತಂಗಿಯ ಗಂಡನಿಗೆ ಇದನ್ನು ಅರ್ಥ ಮಾಡಿಸದೆ ಒಂದು ಹೆಜ್ಜೆಯೂ ಮುಂದೆ ಹೋಗುವಂತಿರಲಿಲ್ಲ. ಅವನು ನಾಗರಬಾವಿ ಕಡೆ ಮನೆ ಕಟ್ಟಿಸುವ ಗುತ್ತಿಗೆ ಮಾಡುತ್ತಾನೆ. "ಕಣ್ಣಿಗೂ ಕಿಡ್ನಿಗೂ ಏನಕ್ಕ ಸಂಬಂಧ?" ಅನ್ನುವುದು ಅವನ ಪ್ರಶ್ನೆ. ನಿಜವಾದ ಪ್ರಶ್ನೆಯೇ.

ನಮ್ಮ ಮೈಯ ಬಹುತೇಕ ಜೀವಕೋಶಗಳ ಮೇಲೆ ಒಂದೊಂದು ಸಣ್ಣ ಕಡ್ಡಿ ಎದ್ದು ನಿಂತಿರುತ್ತದೆ. ಪಠ್ಯಪುಸ್ತಕದಲ್ಲಿ ಲೋಮಾಂಗ ಅಂತೀವಿ. ಕೆಲವೇ ಮೈಕ್ರೋಮೀಟರ್ ಉದ್ದ. ಆ ಕಡ್ಡಿಯೊಳಗೆ ಪ್ರೋಟೀನ್ ತಯಾರಾಗುವುದಿಲ್ಲ. ಬೇಕಾದ ಸಾಮಾನೆಲ್ಲ ಕೆಳಗಿನಿಂದ ಮೇಲೆ ಹೋಗಬೇಕು, ಮುಗಿದದ್ದು ಕೆಳಕ್ಕೆ ಬರಬೇಕು. ಅವನಿಗೆ ನಾನು ಹೇಳಿದ್ದು ಮೋಲ್ಡ್ ಹಾಕುವ ದಿನದ ಲೆಕ್ಕದಲ್ಲಿ. ಕಾಂಕ್ರೀಟ್ ತುಂಬಿದ ಬಾಂಡ್ಲಿಗಳು ಕೈಯಿಂದ ಕೈಗೆ ಸಾಲಾಗಿ ಮೇಲೆ ಹೋಗುತ್ತವೆ, ಖಾಲಿ ಬಾಂಡ್ಲಿಗಳು ಇನ್ನೊಂದು ಸಾಲಿನಲ್ಲಿ ಕೆಳಗೆ ಬರುತ್ತವೆ. ಮೇಲೆ ಸಾಗಿಸುವ ಮೋಟಾರಿಗೆ ಕೈನೆಸಿನ್ ಅಂತ ಹೆಸರು, ಕೆಳಗಿಳಿಸುವುದಕ್ಕೆ ಡೈನೀನ್. ಐಎಫ್‌ಟಿ140 ಕೆಳಗಿಳಿಸುವ ಗುಂಪಿನದು. ಆರು ಪ್ರೋಟೀನುಗಳು ಸೇರಿದ ಆ ಗುಂಪಿಗೆ ಐಎಫ್‌ಟಿ-ಎ ಅನ್ನುತ್ತಾರೆ. ಖಾಲಿ ಬಾಂಡ್ಲಿ ಇಳಿಯದಿದ್ದರೆ ಏನಾಗುತ್ತದೆ ಅಂತ ಅವನನ್ನೇ ಕೇಳಿದೆ. "ಮೇಲೆ ರಾಶಿ ಬೀಳುತ್ತೆ, ಕೆಳಗೆ ತುಂಬೋಕೆ ಬಾಂಡ್ಲಿ ಇರಲ್ಲ, ಕೆಲಸ ನಿಲ್ಲುತ್ತೆ" ಅಂದ. ಈ ಗುಂಪು ಕೆಟ್ಟ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಾಣುವುದೂ ಅದೇ. ಲೋಮಾಂಗ ಗಿಡ್ಡವಾಗಿ, ತುದಿಯಲ್ಲಿ ಸಾಮಾನು ಸೇರಿ ಉಬ್ಬಿರುತ್ತದೆ. ಇದಲ್ಲದೆ ಕೆಲವು ಪ್ರೋಟೀನುಗಳನ್ನು ಲೋಮಾಂಗದ ಬಾಗಿಲು ದಾಟಿಸಿ ಒಳಗೆ ಬಿಡುವುದಕ್ಕೂ ಈ ಗುಂಪೇ ಬೇಕು.

ಈ ಸಾಗಣೆಯನ್ನು ಮೊದಲು ಕಂಡದ್ದು ಮನುಷ್ಯರಲ್ಲಲ್ಲ, ಕೆರೆ ನೀರಿನಲ್ಲೂ ಸಿಗುವ ಕ್ಲಾಮಿಡೊಮೊನಾಸ್ ಎಂಬ ಏಕಕೋಶ ಪಾಚಿಯಲ್ಲಿ. ಪಿಯು ಮಕ್ಕಳಿಗೆ ಪ್ರತಿ ವರ್ಷ ನಾನೇ ಅದರ ಸ್ಲೈಡ್ ತೋರಿಸುತ್ತೇನೆ. 1993ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಕೊಜ್ಮಿನ್‌ಸ್ಕಿ, ಜೋಯೆಲ್ ರೋಸೆನ್‌ಬಾಮ್ ಮತ್ತು ಜೊತೆಯವರು ಅದರ ಕಶಾಂಗದೊಳಗೆ (ಈಜಲು ಬಳಸುವ ಬಾಲ, ಅದೂ ಲೋಮಾಂಗದ ಜಾತಿಯದ್ದೇ) ಕಣಗಳು ಮೇಲೆ ಕೆಳಗೆ ಓಡಾಡುವುದನ್ನು ಕಂಡರು. ಮೇಲಕ್ಕೆ ಹೋಗುವ ವೇಗ ಸೆಕೆಂಡಿಗೆ ಸುಮಾರು 2 ಮೈಕ್ರೋಮೀಟರ್, ಇಳಿಯುವುದು ಇನ್ನೂ ಜೋರು. 2000ದಲ್ಲಿ, ಆ ಪಾಚಿಯಲ್ಲಿ ಸಾಗಣೆಗೆ ಬೇಕಾದ ಐಎಫ್‌ಟಿ88 ಅನ್ನುವ ಜೀನ್ ಮತ್ತು ಕಿಡ್ನಿಯಲ್ಲಿ ನೀರುಗುಳ್ಳೆ ಬರುವ ಒಂದು ಇಲಿ ತಳಿಯಲ್ಲಿ ಕೆಟ್ಟಿದ್ದ ಜೀನ್ ಎರಡೂ ಒಂದೇ ಬಗೆಯವು ಅಂತ ಗೊತ್ತಾಯಿತು. ಪಾಚಿಗೂ ಪುಟ್ಟನ ಕಿಡ್ನಿಗೂ ನಂಟು ಹೀಗೆ.

ಕಿಡ್ನಿಯ ನಾಳಗಳ ಜೀವಕೋಶಕ್ಕೆ ಒಂದೊಂದು ಲೋಮಾಂಗ ಇದೆ. ಕಣ್ಣಿನ ಅಕ್ಷಿಪಟದಲ್ಲಿ ಬೆಳಕು ಹಿಡಿಯುವ ಜೀವಕೋಶದ ಹೊರತುದಿಯೇ ಮಾರ್ಪಾಟಾದ ಒಂದು ಲೋಮಾಂಗ. ಅದು ದಿನದಿನವೂ ಸವೆದು, ಸುಮಾರು ಹತ್ತು ದಿನದಲ್ಲಿ ಪೂರ್ತಿ ಹೊಸದಾಗುತ್ತದೆ, ಹಾಗಾಗಿ ಸಾಗಣೆ ಸ್ವಲ್ಪ ಕುಂಟಿದರೂ ಅಲ್ಲಿ ತೊಂದರೆ ಬೇಗ ಕಾಣುತ್ತದೆ. ಎಳೆ ಮೂಳೆಗಳ ಬೆಳವಣಿಗೆಗೂ ಲೋಮಾಂಗ ಬೇಕು. ಆದ್ದರಿಂದ ಇದೇ ಜೀನ್ ಕೆಲವು ಮಕ್ಕಳಲ್ಲಿ ಕಣ್ಣಿಗೆ ಮಾತ್ರ ತೊಂದರೆ ಕೊಡುತ್ತದೆ, ಕೆಲವರಲ್ಲಿ ಎದೆಗೂಡು ಕಿರಿದಾಗಿ ಹುಟ್ಟಿದಾಗಲೇ ಉಸಿರಿಗೆ ಕಷ್ಟವಾಗುತ್ತದೆ, ಕೆಲವರಲ್ಲಿ ಕಣ್ಣು, ಕಿಡ್ನಿ, ಬೆರಳ ಮೂಳೆ ಮೂರೂ ಸೇರುತ್ತವೆ. ಮೂರೂ ಸೇರಿದ್ದನ್ನು 1970ರಲ್ಲಿ ವಿವರಿಸಿದವರ ಹೆಸರಿನಿಂದ ಮೈನ್‌ಝರ್-ಸಾಲ್ಡಿನೊ ಸಿಂಡ್ರೋಮ್ ಅಂತ ಕರೆಯುತ್ತಾರೆ. ಅದಕ್ಕೆ ಈ ಜೀನ್ ಕಾರಣ ಅಂತ ತಿಳಿದದ್ದು 2012ರಲ್ಲಿ. ಪುಟ್ಟನದು ಅದೇ.

ಆದ್ದರಿಂದ ರಿಪೋರ್ಟನ್ನು ಬರೆಸಿದ ಡಾಕ್ಟರ ಹತ್ತಿರವೇ ಬಿಟ್ಟು ಬರಬೇಡಿ. ಒಂದು ಪ್ರತಿ ಕಣ್ಣಿನವರಿಗೆ, ಒಂದು ಮಕ್ಕಳ ಕಿಡ್ನಿ ತಜ್ಞರಿಗೆ, ಒಂದು ಮಕ್ಕಳ ಡಾಕ್ಟರಿಗೆ ನೀವೇ ಒಯ್ದು ಕೊಡಿ. ಇದನ್ನು ನೋವಿನಿಂದಲೇ ಹೇಳುತ್ತಿದ್ದೇನೆ. ನಮ್ಮಲ್ಲಿ ಎರಡು ವರ್ಷ ಕಣ್ಣು ಕಣ್ಣಿನವರ ಹತ್ತಿರ, ಹಾಸಿಗೆ ಒದ್ದೆ ಮಾಡುವುದು ಮಕ್ಕಳ ಡಾಕ್ಟರ ಹತ್ತಿರ ಬೇರೆ ಬೇರೆಯಾಗಿಯೇ ನಡೆಯಿತು. ಬಸವನಗುಡಿ ಕಡಲೆಕಾಯಿ ಪರಿಷೆಯಿಂದ ವಾಪಸ್ ಬರುವಾಗ ಬ್ಯೂಗಲ್ ರಾಕ್ ಪಕ್ಕದ ಮಬ್ಬಿನಲ್ಲಿ ಅವನು ನನ್ನ ಸೆರಗು ಬಿಡಲೇ ಇಲ್ಲ. ಜನ ನೋಡಿ ಹೆದರಿದ್ದಾನೆ ಅಂದುಕೊಂಡೆ. ರಾತ್ರಿ ತಲೆದೆಸೆಯಲ್ಲಿ ಇಟ್ಟ ಚೊಂಬು ನೀರು ಬೆಳಿಗ್ಗೆಗೆ ಖಾಲಿ. ಸೆಕೆಗೆ ಅಂದುಕೊಂಡೆವು. ಇರುಳುಗುರುಡು ಮತ್ತು ನೀರು ಉಳಿಸಿಕೊಂಡು ಮೂತ್ರ ಗಟ್ಟಿ ಮಾಡಲಾರದ ಕಿಡ್ನಿ, ಎರಡೂ ನಮ್ಮ ಕಣ್ಣೆದುರಿಗೇ ಇದ್ದವು.

ಕಿಡ್ನಿಯ ವಿಷಯದಲ್ಲಿ ಒಂದು ಲೆಕ್ಕ ನೀವು ಕಲಿಯಲೇಬೇಕು. ಪುಟ್ಟನ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ, ರಕ್ತದಲ್ಲಿನ ಒಂದು ಕಸ) 0.9 ಅಂತ ಬಂದಿತ್ತು. ರಿಪೋರ್ಟಿನ ಪಕ್ಕದಲ್ಲಿ ಅಚ್ಚಾಗಿದ್ದ ಅಂಕಿ 0.6ರಿಂದ 1.2. ನಾವು ತೋರಿಸಿದ ಕ್ಲಿನಿಕ್ಕಿನಲ್ಲಿ "ನಾರ್ಮಲ್" ಅಂದುಬಿಟ್ಟರು. ಆ ಅಂಕಿ ದೊಡ್ಡವರದ್ದು. ಕ್ರಿಯಾಟಿನಿನ್ ಹುಟ್ಟುವುದು ಮಾಂಸಖಂಡದಲ್ಲಿ, ಏಳು ವರ್ಷದ ಹುಡುಗನಿಗೆ ಮಾಂಸಖಂಡ ಎಷ್ಟಿದ್ದೀತು! ಮಕ್ಕಳಿಗೆ ಎತ್ತರ ಸೇರಿಸಿ ಲೆಕ್ಕ ಹಾಕಬೇಕು. ಎತ್ತರವನ್ನು ಸೆಂಟಿಮೀಟರಿನಲ್ಲಿ ತೆಗೆದುಕೊಂಡು 0.413ರಿಂದ ಗುಣಿಸಿ, ಕ್ರಿಯಾಟಿನಿನ್‌ನಿಂದ ಭಾಗಿಸಿ. ಶ್ವಾರ್ಟ್ಜ್ ಸೂತ್ರ ಅಂತ ಹೆಸರು, ಬರುವ ಉತ್ತರ ಕಿಡ್ನಿ ಎಷ್ಟು ಸೋಸುತ್ತಿದೆ ಅನ್ನುವ ಅಂದಾಜು. ಅವನ ಎತ್ತರ 118. 118 ಗುಣಿಸು 0.413 ಅಂದರೆ 48.7. ಅದನ್ನು 0.9ರಿಂದ ಭಾಗಿಸಿದರೆ 54. ಆರೋಗ್ಯವಂತ ಮಗುವಿಗೆ ಇದು 90ರ ಮೇಲಿರಬೇಕು. "ನಾರ್ಮಲ್" ಅಂದ ಆ ಕಾಗದ ಆರು ತಿಂಗಳು ಬೀರುವಿನಲ್ಲಿ ಸುಮ್ಮನೆ ಕೂತಿತ್ತು ಅನ್ನುವುದು ನನಗೆ ಇವತ್ತಿಗೂ ಸಂಕಟ. ಮೂತ್ರ ಪರೀಕ್ಷೆಯಲ್ಲಿ ಪ್ರೋಟೀನ್ ಬಂದಿಲ್ಲ, ಬಿಪಿ ಏರಿಲ್ಲ ಅಂತಲೂ ನಿರಾಳವಾಗಬೇಡಿ. ಈ ಬಗೆಯ ಕಿಡ್ನಿ ತೊಂದರೆಯಲ್ಲಿ ಶುರುವಿಗೆ ಅವೆರಡೂ ಸರಿಯಾಗಿಯೇ ಇರಬಹುದು.

ಮನೆಯಲ್ಲಿ ಮಾಡಬೇಕಾದ್ದು ಬಹಳ ಇಲ್ಲ, ಆದರೆ ಮಾಡಲೇಬೇಕು. ಡಾಕ್ಟರು ಹೇಳದ ಹೊರತು ನೀರು ಕಡಿಮೆ ಮಾಡಿಸಬೇಡಿ. ವಾಂತಿ ಭೇದಿ ಬಂದರೆ ಕಾಯಬೇಡಿ, ಇಂಥ ಮಕ್ಕಳು ಬೇಗ ಒಣಗುತ್ತಾರೆ, ಕ್ರಿಯಾಟಿನಿನ್ ಜಿಗಿಯುತ್ತದೆ. ಜ್ವರಕ್ಕೆ ಮೆಡಿಕಲ್ ಶಾಪಿನಲ್ಲಿ ಕೊಡುವ ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್ ಸಿರಪ್‌ಗಳು ಕಿಡ್ನಿಗೆ ಹೊರೆ. ಪ್ಯಾರಸಿಟಮಾಲ್ ಎಷ್ಟು ಕೊಡಬೇಕು ಅಂತ ಡಾಕ್ಟರ ಹತ್ತಿರ ಬರೆಸಿಕೊಂಡು ಫ್ರಿಜ್ ಬಾಗಿಲಿಗೆ ಅಂಟಿಸಿ. ಕಣ್ಣಿಗೆ ಒಳ್ಳೆಯದು ಅಂತ ಯಾರೋ ಹೇಳಿದ ವಿಟಮಿನ್ ಎ ಮಾತ್ರೆ ಕೊಡಲೇಬೇಡಿ, ಕಿಡ್ನಿ ಸೋತವರ ಮೈಯಲ್ಲಿ ಅದು ಶೇಖರವಾಗಿ ವಿಷವಾಗಬಹುದು. ನಮ್ಮ ಅಮ್ಮ ಪ್ರೀತಿಯಿಂದಲೇ ಒಂದು ಡಬ್ಬಿ ತಂದಿದ್ದಳು, ತಿಳಿಸಿ ಹೇಳಿ ವಾಪಸ್ ಕೊಡಿಸಿದೆ.

ಕಣ್ಣಿಗೆ ಇಆರ್‌ಜಿ (ಬೆಳಕಿಗೆ ಅಕ್ಷಿಪಟ ಕೊಡುವ ವಿದ್ಯುತ್ ಸ್ಪಂದನ ಅಳೆಯುವುದು) ಮತ್ತು ಓಸಿಟಿ (ಅಕ್ಷಿಪಟದ ಪದರಗಳ ಚಿತ್ರ ತೆಗೆಯುವುದು) ಪರೀಕ್ಷೆ ಮಾಡುತ್ತಾರೆ. ಕೈಯ ಎಕ್ಸ್‌ರೇ ಒಂದನ್ನು ಚಿಕ್ಕ ವಯಸ್ಸಿನಲ್ಲೇ ತೆಗೆಸಿಡಿ. ಬೆರಳ ಮೂಳೆಯ ತುದಿ ಶಂಕುವಿನ ಆಕಾರದಲ್ಲಿರುವುದು ಬೆಳವಣಿಗೆ ಮುಗಿಯುವ ಮುಂಚೆ ಮಾತ್ರ ಸ್ಪಷ್ಟ. ಹೊಟ್ಟೆ ಸ್ಕ್ಯಾನಿಂಗಿನಲ್ಲಿ ಲಿವರನ್ನೂ ನೋಡಲು ಹೇಳಿ.

ಶಾಲೆಗೆ ಒಂದು ಪತ್ರ ಬೇಕು. ಪುಟ್ಟನ ತರಗತಿಯಲ್ಲಿ ಪಾಠದ ನಡುವೆ ಟಾಯ್ಲೆಟ್ಟಿಗೆ ಬಿಡುತ್ತಿರಲಿಲ್ಲ, ಹುಡುಗ ನೀರು ಕುಡಿಯುವುದನ್ನೇ ಬಿಟ್ಟಿದ್ದ. ಕಿಡ್ನಿ ತಜ್ಞರ ಲೆಟರ್‌ಹೆಡ್ಡಿನಲ್ಲಿ ಮೂರು ಸಾಲು ಬರೆಸಿ ಕೊಟ್ಟೆವು: ನೀರಿನ ಬಾಟಲಿ ಮೇಜಿನ ಮೇಲೇ ಇರಲಿ, ಕೇಳಿದಾಗ ಹೊರಗೆ ಬಿಡಿ, ಬೆಳಕಿರುವ ಕಡೆ ಮುಂದಿನ ಬೆಂಚಿನಲ್ಲಿ ಕೂರಿಸಿ. ಮಾರನೆಯ ದಿನದಿಂದಲೇ ಪಾಲಿಸಿದರು. ದೃಷ್ಟಿ ಹೆಚ್ಚು ಕುಂದಿದ್ದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು.

ಬೆಂಗಳೂರಿನಲ್ಲಿ ಎಲ್ಲಿಗೆ ಹೋಗುವುದು ಅಂತ ಬಹಳ ಜನ ಕೇಳುತ್ತಾರೆ. ಎಲೆಕ್ಟ್ರಾನಿಕ್ ಸಿಟಿಯ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ನಿಮ್ಹಾನ್ಸ್ ಹತ್ತಿರದ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಸೇರಿ, 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಉತ್ಕೃಷ್ಟತಾ ಕೇಂದ್ರವಾಗಿವೆ. ಕೌನ್ಸೆಲಿಂಗಿಗೆ ಹೋಗುವಾಗ ಗಂಡ ಹೆಂಡತಿ ಇಬ್ಬರೂ ಹೋಗಿ. ಕನ್ನಡದಲ್ಲೇ ಹೇಳಿ ಅಂತ ಕೇಳಲು ಸಂಕೋಚ ಬೇಡ.

ಇನ್ನು ಮನೆಯವರ ಮಾತು. ತಂಗಿ ಮದುವೆಯಾಗಿರುವುದು ನಮ್ಮ ಸೋದರಮಾವನ ಮಗನನ್ನು. ರಿಪೋರ್ಟು ಬಂದ ವಾರ ಅಮ್ಮ "ನಾನೇ ಈ ಸಂಬಂಧ ಮಾಡಿಸಿದ್ದು" ಅಂತ ಊಟ ಬಿಟ್ಟಳು. ಇನ್ನೊಂದು ಕಡೆ ನಾಗದೋಷದ ಮಾತೆದ್ದಿತು. ನಾನು ಎಲ್ಲರನ್ನೂ ಕೂರಿಸಿ ಗೆರೆ ಎಳೆದು ತೋರಿಸಿದೆ. ತಾತ ಅಜ್ಜಿಯಲ್ಲಿ ಒಬ್ಬರಿಗೆ ಈ ಬದಲಾವಣೆಯ ಒಂದು ಪ್ರತಿ ಇತ್ತು. ಅದು ಅಮ್ಮನಿಗೂ ಬಂತು, ಮಾವನಿಗೂ ಬಂತು. ಅಮ್ಮನಿಂದ ತಂಗಿಗೆ, ಮಾವನಿಂದ ಅವನ ಮಗನಿಗೆ. ಇಬ್ಬರಿಂದಲೂ ಒಂದೊಂದು ಪ್ರತಿ ಸೇರಿದಾಗಲೇ ಕಾಯಿಲೆ, ಹಾಗಾಗಿ ಹೆಂಗಸಿನ ಕಡೆಯದ್ದು, ಗಂಡಸಿನ ಕಡೆಯದ್ದು ಅನ್ನುವ ಮಾತೇ ಇಲ್ಲಿ ಬರುವುದಿಲ್ಲ. ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಂದು ಮಗುವಿಗೆ ಬಂದಾಯಿತು, ಇನ್ನು ಮೂರಕ್ಕೆ ಬರುವುದಿಲ್ಲ ಅನ್ನುವ ಲೆಕ್ಕ ತಪ್ಪು.

ಒಂದು ಪ್ರತಿ ಮಾತ್ರ ಇರುವವರಿಗೆ ಏನೂ ಆಗುವುದಿಲ್ಲ ಅಂತ ಮೊದಲು ಹೇಳುತ್ತಿದ್ದರು. 2022ರಲ್ಲಿ ಇದು ಬದಲಾಯಿತು. ಒಂದು ಪ್ರತಿ ಪೂರ್ತಿ ನಿಷ್ಕ್ರಿಯವಾಗಿರುವ ದೊಡ್ಡವರಲ್ಲಿ, ಮೇಲೆ ನೆನಪಿಡಿ ಅಂದ ನಕ್ಷತ್ರ ಮತ್ತು "ಎಫ್‌ಎಸ್" ತರಹದ ಬದಲಾವಣೆ ಇರುವವರಲ್ಲಿ, ಕಿಡ್ನಿಯಲ್ಲಿ ದೊಡ್ಡ ನೀರುಗುಳ್ಳೆಗಳು ಕಾಣಿಸಿಕೊಳ್ಳಬಹುದು ಅಂತ ತಿಳಿಯಿತು. ಹೆಚ್ಚಿನವರಲ್ಲಿ ಸೌಮ್ಯವಾಗಿಯೇ ಇರುತ್ತದೆ, ಕಿಡ್ನಿ ಸೋಲುವುದು ಅಪರೂಪ. ಆದರೂ ಅಪ್ಪ ಅಮ್ಮ ಒಂದು ಸಲ ಸ್ಕ್ಯಾನಿಂಗ್ ಮಾಡಿಸಿಕೊಳ್ಳಿ. ಮುಂದೆ ಮಗುವಿಗೆ ಕಿಡ್ನಿ ಕೊಡುವ ಮಾತು ಬಂದರೆ ಕಸಿ ಮಾಡುವವರಿಗೆ ಜೀನಿನ ಹೆಸರು ಮೊದಲೇ ಹೇಳಿ. ಕಸಿ ಮಾಡಿದ ಕಿಡ್ನಿಗೆ ಈ ಕಾಯಿಲೆ ಮರಳಿ ಬರುವುದಿಲ್ಲ. ತಂಗಿ ರಾತ್ರಿ ನಿದ್ದೆ ಮಾಡಲು ಶುರು ಮಾಡಿದ್ದು ಈ ಒಂದು ಮಾತು ಕೇಳಿದ ಮೇಲೆ.

ಮುಂದಿನ ಮಗು ಬೇಕೆನ್ನುವವರು ಬಸಿರಾಗುವ ಮುಂಚೆಯೇ ಇಬ್ಬರ ರಕ್ತದಲ್ಲೂ ಆ ಬದಲಾವಣೆ ಇದೆ ಅಂತ ಖಚಿತ ಮಾಡಿಸಿಕೊಳ್ಳಿ. ಬಸಿರಾದ ಮೇಲೆ, ಸುಮಾರು 11ರಿಂದ 13ನೇ ವಾರದಲ್ಲಿ, ಹೊಟ್ಟೆಯಲ್ಲಿರುವ ಮಗುವಿಗೆ ಈ ಬದಲಾವಣೆ ಬಂದಿದೆಯೇ ಅಂತ ನೋಂದಾಯಿತ ಕೇಂದ್ರದಲ್ಲಿ ಪರೀಕ್ಷಿಸಲು ಕಾನೂನಿನಲ್ಲಿ ಅವಕಾಶ ಇದೆ, ಲಿಂಗ ಹೇಳುವುದು ಮಾತ್ರ ಅಪರಾಧ. ಒಪ್ಪಿಗೆ ಪತ್ರ ತಾಯಿಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು ಅಂತ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯೇ ಹೇಳುತ್ತದೆ.

ನಾನೂ ಪರೀಕ್ಷೆ ಮಾಡಿಸಿಕೊಂಡೆ. ನನಗೂ ಒಂದು ಪ್ರತಿ ಇದೆ. ಗೊತ್ತಿರುವ ಒಂದೇ ಬದಲಾವಣೆಯನ್ನು ಹುಡುಕುವ ಈ ಪರೀಕ್ಷೆಗೆ ಎಕ್ಸೋಮಿನಷ್ಟು ಖರ್ಚು ಇಲ್ಲ. ನಮ್ಮ ಕುಟುಂಬದಲ್ಲಿ ಈಗ ಇನ್ನೊಂದು ಸಂಬಂಧದ ಮಾತುಕತೆ ನಡೆಯುತ್ತಿದೆ, ಅದೂ ನೆಂಟರೊಳಗೇ. ತಾಂಬೂಲಕ್ಕೆ ಮುಂಚೆ ಹುಡುಗ ಹುಡುಗಿ ಇಬ್ಬರೂ ರಕ್ತ ಕೊಟ್ಟು ಬರಲಿ ಅಂತ ಹಿರಿಯರ ಮುಂದೆ ಕೇಳಿದೆ, ಎಲ್ಲರಿಗಿಂತ ಮೊದಲು ಒಪ್ಪಿದವಳು ಅಮ್ಮ.

ಫೈಲಿನಲ್ಲಿ ಮೇಲ್ಗಡೆ ಇರಬೇಕಾದ್ದು ರಿಪೋರ್ಟಿನ ಪಟ್ಟಿಯ ಪುಟ, ಅದರ ಕೆಳಗೆ ತಾರೀಖು, ಎತ್ತರ, ಕ್ರಿಯಾಟಿನಿನ್, ಲೆಕ್ಕದ ಉತ್ತರ ಬರೆದ ಒಂದೇ ಹಾಳೆ. ತಂಗಿಯ ಮನೆಯಲ್ಲಿ ಮೂರು ತಿಂಗಳಿಗೊಮ್ಮೆ ರಕ್ತ ಕೊಡುವ ಹಿಂದಿನ ದಿನ ಅವರಪ್ಪ ಪುಟ್ಟನನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ, ತಲೆಯ ಮೇಲೆ ಮಟ್ಟಗೋಲು ಇಟ್ಟು, ಬಡಗಿ ಪೆನ್ಸಿಲಿನಲ್ಲಿ ಗೀಟು ಎಳೆಯುತ್ತಾನೆ. ಹೋದ ವಾರದ ಗೀಟು 121. ಕ್ರಿಯಾಟಿನಿನ್ 0.95. ಉತ್ತರ 52.6 ಅಂತ ಪುಟ್ಟನೇ ಕ್ಯಾಲ್ಕುಲೇಟರ್ ಒತ್ತಿ ನನಗೆ ಫೋನ್ ಮಾಡಿ ಹೇಳಿದ: "ದೊಡ್ಡಮ್ಮಾ, ಮೂರು ಸೆಂಟಿಮೀಟರ್ ಜಾಸ್ತಿ ಆಗಿದೀನಿ."